ಬಿರುಕಿನಲ್ಲಿ ಕಂಡ ನೀರು

ಇರ್ವಿಂಗ್, ಟೆಕ್ಸಸ್
16 ಜೂನ್ 2025, ಸೋಮವಾರ ಮಧ್ಯಾಹ್ನ

ನನ್ನ ಮಗಳು ಮಹತಿಗೆ, ನಿನ್ನ ಅಮ್ಮ ತಲೆ ನೇವರಿಸಿ ಬರೆಯುವುದು.

ಪತ್ರದಲ್ಲಿ ಮೊದಲು ಕ್ಷೇಮ ಕೇಳಬೇಕು ಎಂದು ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಅದನ್ನು ಬಿಟ್ಟು ನೇರವಾಗಿ ಸುದ್ದಿಗೆ ಇಳಿದರೆ ಅಂಗೈ ಮೇಲೆ ಒಂದು ಏಟು ಬೀಳುತ್ತಿತ್ತು. ಅದಕ್ಕೇ ಕೇಳುತ್ತೇನೆ ಕಂದಾ, ಹೇಗಿದ್ದೀಯ? ಚಳಿ ತಡೆಯುತ್ತಿದೆಯಾ? ಹೀಗೆ ಕೇಳಿದ್ದನ್ನು ಯಾರಾದರೂ ಓದಿದರೆ ನನಗೆ ತಲೆ ಕೆಟ್ಟಿದೆ ಅಂದುಕೊಳ್ಳಬಹುದು. ಕೆಟ್ಟಿಲ್ಲ. ಫೆಬ್ರವರಿ ಇಪ್ಪತ್ತನೇ ತಾರೀಖು ಗುರುವಾರ, ಶಿವರಾತ್ರಿಗೆ ಆರು ದಿನ ಇರುವಾಗ, ಅಲಾಸ್ಕದ ಆಚೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ, ಐಸು ಬಿರುಕು ಬಿಟ್ಟ ಕಡೆ ನೀನು ನೀರಿಗೆ ಬಿದ್ದೆ. ಹೆಲಿಕಾಪ್ಟರ್ ತಂದು ಹುಡುಕಿದರು. ಮಾರನೇ ದಿನ ಗಾಳಿ ತಿರುಗಿ ಎರಡೂ ಕಡೆಯ ಐಸು ಬಂದು ಸೇರಿಕೊಂಡು ಬಿರುಕೇ ಮುಚ್ಚಿಹೋಯಿತು. ನೀನು ಸಿಗಲಿಲ್ಲ. ಇದೆಲ್ಲ ನನಗೆ ಗೊತ್ತಿದೆ. ಆದರೂ ಮಗಳಿಗೆ ಬರೆಯುತ್ತಾ ಹೇಗಿದ್ದೀಯ ಎಂದು ಕೇಳದೆ ಮುಂದಿನ ಸಾಲಿಗೆ ಹೋಗಲು ನನ್ನ ಕೈ ಒಪ್ಪುವುದಿಲ್ಲ.

ನಾವು ಕ್ಷೇಮ ಎಂದು ಬರೆಯಲಾರೆ. ಇದ್ದೇವೆ. ನಿನ್ನ ಅಪ್ಪ ಬೆಳಿಗ್ಗೆ ಪಕ್ಕದೂರು ಫಾರ್ಮರ್ಸ್ ಬ್ರಾಂಚಿನ ಆಫೀಸಿಗೆ ಹೋಗುತ್ತಾರೆ, ಐದೂವರೆಗೆ ಬರುತ್ತಾರೆ, ಶೂ ಬಿಚ್ಚದೆ ಸೋಫಾದ ಮೇಲೆ ಕೂರುತ್ತಾರೆ. ಮೊಸರನ್ನ ಬಿಟ್ಟು ಬೇರೆ ಏನೂ ಸೇರುತ್ತಿಲ್ಲ. ಶುಗರ್ ಜಾಸ್ತಿಯಾಗಿದೆ ಎಂದು ಡಾಕ್ಟರು ಬೈದಿದ್ದಾರೆ. ಹೊರಗೆ ಬಿಸಿಲು ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೂರು ಡಿಗ್ರಿ ಮುಟ್ಟಿದೆ. ತುಳಸಿ ಕುಂಡವನ್ನು ಬಾಲ್ಕನಿಯಿಂದ ಒಳಗೆ ತಂದಿಟ್ಟಿದ್ದೇನೆ. ನಿನ್ನ ರೂಮನ್ನು ಹಾಗೇ ಬಿಟ್ಟಿದ್ದೇವೆ, ವಾರಕ್ಕೊಮ್ಮೆ ಗುಡಿಸುತ್ತೇನೆ. ದೇವಸ್ಥಾನದ ಅಡಿಗೆಮನೆಗೆ ಭಾನುವಾರ ಹೋಗುವುದನ್ನು ಬಿಟ್ಟಿಲ್ಲ. ಅಲ್ಲಿ ಅಲಮೇಲು ಆಂಟಿ ನನಗೆ ತೆಂಗಿನಕಾಯಿ ತುರಿಯುವ ಕೆಲಸ ಮಾತ್ರ ಕೊಡುತ್ತಾರೆ. ಒಲೆ ಹತ್ತಿರ ನಿಂತರೆ ನಾನು ಎಲ್ಲೋ ನೋಡುತ್ತಾ ಸಾರು ಉಕ್ಕಿಸುತ್ತೇನಂತೆ. ಸಂಕಟ ಮಾಡಿಕೊಳ್ಳಬೇಡ ಎಂದು ಬಾಯಲ್ಲಿ ಹೇಳುವುದಿಲ್ಲ ಆ ಮಹಾತಾಯಿ, ಕಾಯಿ ತಂದು ಮುಂದಿಡುತ್ತಾರೆ ಅಷ್ಟೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಾಳೆ ಮಂಗಳವಾರ ಎರಡು ಗಂಟೆಗೆ ಆಸ್ಟಿನ್ನಿನಲ್ಲಿ ನಿನ್ನ ವಿಷಯದ ವಿಚಾರಣೆ ಇದೆ. ಐಸಿನ ಮೇಲೆ ನಿಮ್ಮ ಸಂಶೋಧನೆಯ ಕ್ಯಾಂಪ್ ನಡೆಸಿದವರು ನಾಲ್ಕು ಜನರ ಸಮಿತಿ ಮಾಡಿದ್ದಾರೆ. ಆ ದಿನ ನಿನ್ನ ಜೊತೆಗಿದ್ದ ಸಹಪಾಠಿ ಹರ್ಷಿಣಿ ತಪ್ಪು ಮಾಡಿದಳೋ ಇಲ್ಲವೋ ಎಂದು ನಾಳೆ ತೀರ್ಮಾನ ಮಾಡುತ್ತಾರೆ. ತಪ್ಪು ಎಂದಾದರೆ ಆ ಹುಡುಗಿಯ ಸೀಟು ಹೋಗುತ್ತದೆ, ಸೀಟಿನ ಹಿಂದೆ ವೀಸಾ ಹೋಗುತ್ತದೆ. ಗೆಳತಿಯನ್ನು ಸಾವಿಗೆ ಕಳಿಸಿದವಳು ಅನ್ನಿಸಿಕೊಂಡು ಧಾರವಾಡಕ್ಕೆ ವಾಪಸು ಹೋಗಬೇಕು. ಅವಳ ತಪ್ಪಿಲ್ಲ ಎಂದು ತೋರಿಸುವ ಒಂದು ವಸ್ತು ಈ ಪ್ರಪಂಚದಲ್ಲಿದೆ. ಅದು ನನ್ನ ಹತ್ತಿರ ಇದೆ. ನಾಲ್ಕು ತಿಂಗಳಿಂದ ನಾನು ಅದನ್ನು ಬಚ್ಚಿಟ್ಟಿದ್ದೇನೆ. ನಿನ್ನ ಅಪ್ಪನಿಗೂ ಗೊತ್ತಿಲ್ಲ. ನಾಳೆ ಹೇಳುವ ಮುಂಚೆ ನಿನಗೆ ಹೇಳಬೇಕು, ಅದಕ್ಕೆ ಬರೆಯಲು ಕೂತೆ.

ನಿನಗೆ ನೆನಪಿದೆಯಾ, ನೀನು ಈ ಐಸಿನ ಹಿಂದೆ ಬಿದ್ದದ್ದು ಯಾವಾಗ ಅಂತ? ಟೆಕ್ಸಸ್ಸಿಗೆಲ್ಲ ಕರೆಂಟು ಹೋದ ಆ ಫೆಬ್ರವರಿಯಲ್ಲಿ. ಮೂರು ದಿನ ನಾವು ಮೂವರೂ ಒಂದೇ ಕೋಣೆಯಲ್ಲಿ ಎರಡೆರಡು ಸ್ವೆಟರ್ ಹಾಕಿಕೊಂಡು ಕೂತಿದ್ದೆವು. ಅಪಾರ್ಟ್‌ಮೆಂಟಿನ ಹಿಂದಿನ ಕೊಳ ಹೆಪ್ಪುಗಟ್ಟಿತ್ತು. ನೀನು ಹೋಗಿ ಅಂಚಿನಲ್ಲಿ ಒಂದು ಕಾಲಿಟ್ಟೆ. ಟಕ್ ಎಂದು ಒಂದು ಸದ್ದು ಬಂದು, ನಿನ್ನ ಕಾಲಿನಿಂದ ಆ ದಡದವರೆಗೆ ಗೆರೆ ಎಳೆದ ಹಾಗೆ ಸೀಳು ಹರಿಯಿತು. ನಾನು ಕಿರುಚಿಕೊಂಡೆ. ನೀನು ತಿರುಗಿ, ಕಣ್ಣು ಅರಳಿಸಿ, "ಅಮ್ಮ, ಕೇಳಿಸ್ತಾ?" ಅಂದೆ. ಹೆದರಿಕೆಯೇ ಇರಲಿಲ್ಲ ಆ ಮುಖದಲ್ಲಿ. ಮುಂದಿನ ವರ್ಷ ಆಸ್ಟಿನ್ನಿನ ಯೂನಿವರ್ಸಿಟಿಗೆ ಸೇರಿ ಸಮುದ್ರದ ಐಸು ಓದುತ್ತೇನೆ ಎಂದಾಗ ನಿನ್ನ ಅಪ್ಪ, "ಟೆಕ್ಸಸ್‌ನಲ್ಲಿ ಕೂತು ಐಸ್ ಓದ್ತಾಳಂತೆ, ಫ್ರಿಜ್ ಬಾಗಿಲು ತೆಗೆದು ನೋಡ್ತಾಳೇನೋ" ಎಂದು ಊರಿಗೆಲ್ಲ ಹೇಳಿಕೊಂಡು ನಕ್ಕರು. ಹೆಮ್ಮೆಯೇ ಇತ್ತು ಬಿಡು ಆ ನಗುವಿನಲ್ಲಿ.

ನನಗೆ ನೀನು ಎಲ್ಲ ಬಿಡಿಸಿ ಹೇಳುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಉಪಗ್ರಹದಿಂದ ತೆಗೆದ ಚಿತ್ರ ತೋರಿಸಿದೆ. ಬೆಳ್ಳಗೆ ಮೈಲಿಗಟ್ಟಲೆ ಐಸು, ಅದರ ಮೇಲೆ ಕಪ್ಪು ಕಪ್ಪು ಸೀಳುಗಳು. ನನ್ನ ಹಿಮ್ಮಡಿ ಒಡೆದ ಹಾಗಿದೆ ಕಣೇ ಅಂದೆ. ನೀನು ಬಿದ್ದು ಬಿದ್ದು ನಕ್ಕು, ನನ್ನ ಕಾಲು ಎತ್ತಿ ಹಿಡಿದು ಫೋಟೋ ತೆಗೆದೆ. ಅದನ್ನು ನಿಮ್ಮ ಪ್ರೊಫೆಸರ್ ಮುಂದೆ ಚಿತ್ರದ ಪಕ್ಕದಲ್ಲೇ ತೋರಿಸಿದೆಯಂತೆ, ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ನನ್ನ ಮಾನ ಹೋಯಿತು ಎಂದು ಒಂದು ವಾರ ಬೈದೆ. ನಮ್ಮೂರ ಕೆರೆ ಒಣಗಿ ಬಿರುಕು ಬಿಡುವ ಹಾಗೆ ಇದೂ ಒಣಗಿ ಬಿಡುತ್ತದೇನೋ ಅಂದುಕೊಂಡಿದ್ದೆ. ಅಲ್ಲವಂತೆ. ಗಾಳಿ ಒಂದು ಕಡೆ ಎಳೆಯುತ್ತದೆ, ಕೆಳಗಿನ ನೀರು ಇನ್ನೊಂದು ಕಡೆ ಎಳೆಯುತ್ತದೆ, ನಡುವೆ ಸಿಕ್ಕಿದ ಐಸು ಸೀಳುತ್ತದೆ. ಚಳಿಗಾಲದಲ್ಲಿ ಅಷ್ಟು ಅಗಲದ ಐಸಿನಲ್ಲಿ ಬಿರುಕು ಇರುವುದು ನೂರಕ್ಕೆ ಒಂದೋ ಎರಡೋ ಪಾಲು, ಆದರೆ ಸಮುದ್ರದಿಂದ ಮೇಲಕ್ಕೆ ಬರುವ ಬಿಸಿಯಲ್ಲಿ ಅರ್ಧದಷ್ಟು ಆ ಸೀಳುಗಳಿಂದಲೇ ಬರುತ್ತದೆ ಎಂದೆ. ಅನ್ನದ ಪಾತ್ರೆಯ ಮುಚ್ಚಳ ಒಂದು ಬೆರಳು ಓರೆಯಾದರೆ ಉಗಿಯೆಲ್ಲ ಅಲ್ಲಿಂದಲೇ ನುಗ್ಗುತ್ತದಲ್ಲ, ಹಾಗೆ ಎಂದು ನಾನು ಹೇಳಿದ್ದಕ್ಕೆ, ನನಗೂ ಒಂದು ಡಿಗ್ರಿ ಕೊಡಿಸುತ್ತೇನೆ ಅಂದೆ. ಸುತ್ತ ಗಾಳಿ ಮೂವತ್ತೈದು ಮೈನಸ್, ನೀರು ಎರಡು ಮೈನಸ್ ಅಷ್ಟೇ, ಆದ್ದರಿಂದ ಅಲ್ಲಿ ನೀರೇ ಬಿಸಿ. ಬಿರುಕು ಬಿಟ್ಟ ಕೂಡಲೇ ಹೊಗೆ ಏಳುತ್ತದೆ. ಆಮೇಲೆ ಕೆಲವೇ ಗಂಟೆಯಲ್ಲಿ, ಕಾಯಿಸಿದ ಹಾಲಿನ ಮೇಲೆ ಕೆನೆ ಬರುವ ಹಾಗೆ ಮೇಲೊಂದು ತೆಳು ಪದರ ಕಟ್ಟುತ್ತದೆ. ಅದರ ಮೇಲೆ ಗಾಳಿ ಹಿಮದ ಪುಡಿ ತಂದು ಹರಡಿದರೆ ಯಾವುದು ಗಟ್ಟಿ, ಯಾವುದು ಕೆನೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಇಷ್ಟನ್ನೂ ನೀನೇ ಹೇಳಿದ್ದು. ಪಾಠ ಒಪ್ಪಿಸುವ ಹಾಗೆ ನನಗೆ ಎಲ್ಲ ಬಾಯಿಗೆ ಬರುತ್ತದೆ. ಬಂದು ಏನಾಯಿತು?

ಇನ್ನು ಆ ದಾರದ ವಿಷಯ.

ಸಂಕ್ರಾಂತಿಗೆ ನಿನ್ನ ಮಾವ ನಮ್ಮೂರ ಆಂಜನೇಯನ ಗುಡಿಯಿಂದ ಎರಡು ರಕ್ಷೆ ದಾರ ಕಳಿಸಿದ್ದ. ಕೆಂಪು ದಾರ, ಒಂಬತ್ತು ಗಂಟು. ಒಂದನ್ನು ನಿನ್ನ ಅಪ್ಪನಿಗೆ ಕಟ್ಟಿದೆ, ಒಂದನ್ನು ನಿನಗೆ. ನಿನ್ನ ಅಪ್ಪ ಎಂದಿನಂತೆ, "ನಿನ್ನ ಆಂಜನೇಯ ಡಲ್ಲಾಸ್ ಟ್ರಾಫಿಕ್ ಕ್ಲಿಯರ್ ಮಾಡಿಸಿದ್ರೆ ಸಾಕು" ಎಂದು ಕೈ ಕೊಟ್ಟರು. ನೀನು ಕಣ್ಣು ಮುಚ್ಚಿ ಕಟ್ಟಿಸಿಕೊಂಡೆ. ನಿನಗೆ ನಂಬಿಕೆ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮೇಲೆ ಪ್ರೀತಿ ಇತ್ತು, ಅದು ಗೊತ್ತು. ದೇವರ ಮೇಲಿನ ಹೂವು, ಹಳೇ ದಾರ, ಕುಂಕುಮದ ಕಾಗದ ಯಾವುದನ್ನೂ ನಾನು ಕಸದ ಡಬ್ಬಿಗೆ ಹಾಕುವುದಿಲ್ಲ, ಕಾಗದದ ಚೀಲದಲ್ಲಿ ಕೂಡಿಟ್ಟು ಶನಿವಾರ ಹಿಂದಿನ ತೊರೆಗೆ ಬಿಟ್ಟು ಬರುತ್ತೇನೆ ಎಂಬುದು ನಿನಗೆ ಚಿಕ್ಕಂದಿನಿಂದ ಗೊತ್ತು. ನೀನೇ ಎಷ್ಟು ಸಲ ಕಾವಲು ನಿಂತಿಲ್ಲ, "ಬೇಗ ಹಾಕಮ್ಮ, ಯಾರಾದ್ರೂ ಪೊಲೀಸ್ ಕರೆದ್ರೆ ನೀನು ಅವರಿಗೂ ಕುಂಕುಮ ಕೊಡ್ತೀಯ ಅಷ್ಟೆ" ಅಂತ.

ಫೆಬ್ರವರಿ ಹದಿನೆಂಟು, ಮಂಗಳವಾರ. ವಾರಕ್ಕೆ ಹತ್ತು ನಿಮಿಷ ಮಾತಾಡಲು ಕ್ಯಾಂಪಿನಲ್ಲಿ ಬಿಡುತ್ತಿದ್ದರಲ್ಲ, ಆ ದಿನ. ಊಟ, ನಿದ್ದೆ ಎಲ್ಲ ಕೇಳಿ ಆದ ಮೇಲೆ ನೀನು, "ಅಮ್ಮ, ದಾರ ಕಿತ್ತುಹೋಯ್ತು. ಗ್ಲೌಸ್ ತೆಗೆದು ಹಾಕಿ ಮಾಡಿ ಸವೆದುಹೋಗಿತ್ತು. ಇಲ್ಲಿ ಎಲ್ಲಾನೂ ಕಸದ ಚೀಲಕ್ಕೇ ಹಾಕ್ಬೇಕು, ತಲೆಕೂದಲು ಸಹ. ಹಾಕಿಬಿಡ್ಲಾ?" ಅಂದೆ. ಕೇಳಿದ್ದು ನೀನು. ಹಾಕು ಮಗಳೇ ಎಂದು ನಾನು ಅಂದಿದ್ದರೆ ಮುಗಿಯುತ್ತಿತ್ತು. ನಾನು ಏನಂದೆ? "ಅಯ್ಯೋ, ಕಸಕ್ಕೆ ಹಾಕ್ಬೇಡ್ವೇ! ಎಲ್ಲರ ಎಂಜಲಿನ ಜೊತೆ ಆಂಜನೇಯನ್ ದಾರಾನಾ? ನೀರಿಗೆ ಬಿಡು" ಅಂದೆ. "ಎಲ್ಲಮ್ಮ ಇದೆ ನೀರು, ಬರೀ ಐಸು" ಎಂದೆ. ಅದಕ್ಕೆ ನಾನು, ನೀನು ಕಲಿಸಿದ ಪಾಠ ನಿನಗೇ ಒಪ್ಪಿಸಿದೆ. "ನೀನೇ ಹೇಳ್ತಿದ್ದೆಯಲ್ಲೇ, ಬಿರುಕು ಬಿಟ್ಟ ಕಡೆ ನೀರು ಕಾಣುತ್ತೆ ಅಂತ. ಅಲ್ಲಿ ಬಿಡು." ಜಾಣತನದ ಮಾತು ಆಡಿದೆ ಎಂದು ಆ ಕ್ಷಣ ನನಗೆ ಖುಷಿಯೂ ಆಯಿತು. ನೀನು ನಕ್ಕು ಫೋನ್ ಇಟ್ಟೆ.

ಗುರುವಾರ ಬೆಳಿಗ್ಗೆ ನಿನ್ನ ದನಿಯ ಮೆಸೇಜು ಬಂತು. ನಲವತ್ತೊಂದು ಸೆಕೆಂಡು. ನಾನು ಇಂಗ್ಲಿಷ್ ಓದುವುದು ನಿಧಾನ ಎಂದು ನೀನು ನನಗೆ ಮಾತಿನಲ್ಲಿ ಕಳಿಸುತ್ತಿದ್ದೆ, ಅಪ್ಪನಿಗೆ ಬರೀ ಅಕ್ಷರ. "ಅಮ್ಮಾ, ಕೇಳು. ನೆನ್ನೆ ಕ್ಯಾಂಪ್ ಹತ್ರಾನೇ ಹೊಸ ಬಿರುಕು ಬಿಟ್ಟಿದೆ. ಹೊಗೆ ಏಳ್ತಿದೆ, ಅಜ್ಜಿ ಮನೆ ಬಚ್ಚಲ ಹಂಡೆ ಥರ. ಇವತ್ತು ಐಸ್ ಅಳೆಯೋ ಮೆಷಿನ್ ನೋಡೋಕೆ ಆ ಕಡೆ ಹೋಗ್ತೀವಿ. ನಿನ್ನ ದಾರ ಬಿಟ್ಟು ಬರ್ತೀನಿ. ಹರ್ಷಿಣಿಗೆ ಹೇಳಲ್ಲ, ಹೇಳಿದ್ರೆ ಅವಳು ಬಿಡಲ್ಲ, ರೂಲ್ಸ್ ರೂಲ್ಸ್ ಅಂತ ಪ್ರಾಣ ತಿಂತಾಳೆ. ಅವಳು ಆ ಕಡೆ ತಿರುಗಿದಾಗ ಓಡಿಹೋಗಿ ಬಿಟ್ಟು ಬಂದ್ಬಿಡ್ತೀನಿ. ಸಮಾಧಾನ ಆಯ್ತಾ, ಮಹರಾಯ್ತಿ?" ಕೊನೆಗೆ ನಗು. ನಾನು ಆಗ ಚಪಾತಿ ಹಿಟ್ಟು ನಾದುತ್ತಿದ್ದೆ. ಮೊಣಕೈಯಲ್ಲಿ ಫೋನ್ ಒತ್ತಿ ಕೇಳಿದೆ. ಸಮಾಧಾನ ಆಯಿತು ಕಂದಾ. ಸುಳ್ಳು ಯಾಕೆ ಹೇಳಲಿ, ನಿಜವಾಗಿ ಸಮಾಧಾನ ಆಯಿತು.

ಮಧ್ಯಾಹ್ನ ಆಸ್ಟಿನ್ನಿನಿಂದ ಫೋನ್ ಬಂತು.

ವರದಿಯಲ್ಲಿ ಬರೆದಿದ್ದನ್ನು ನಿನ್ನ ಅಪ್ಪ ನನಗೆ ಕನ್ನಡದಲ್ಲಿ ಓದಿ ಹೇಳಿದರು. ನೀವಿಬ್ಬರೂ ಮೆಷಿನ್ ಹತ್ತಿರ ಇದ್ದಿರಿ. ಹಿಮಕರಡಿ ಬರದ ಹಾಗೆ ನೋಡುವ ಕಾವಲು, ಒಬ್ಬರನ್ನೊಬ್ಬರು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಕಾವಲು, ಎರಡೂ ಆ ದಿನ ಹರ್ಷಿಣಿಯದು. ಅವಳು ಬ್ಯಾಟರಿ ಬದಲಿಸಲು ಬಗ್ಗಿದಳು. ಎದ್ದು ತಿರುಗಿದಾಗ ನೀನು ಇರಲಿಲ್ಲ. ಹಿಮದ ಮೇಲೆ ನಿನ್ನ ಹೆಜ್ಜೆ ಗುರುತು ನಲವತ್ತು, ನೇರವಾಗಿ ಬಿರುಕಿನ ಅಂಚಿಗೆ. ಸೊಂಟಕ್ಕೆ ಹಗ್ಗ ಕಟ್ಟದೆ ಅಲ್ಲಿಗೆ ಯಾರೂ ಹೋಗಬಾರದು ಎಂಬುದು ನಿಯಮ. ಮೆಷಿನ್ ಕೆಲಸಕ್ಕೆ ಅಲ್ಲಿ ಹೋಗುವ ಅಗತ್ಯವೂ ಇರಲಿಲ್ಲ. ಅಂಚಿನಲ್ಲಿ ಹಿಮ ಮುಚ್ಚಿದ್ದ ತೆಳು ಐಸು ಮುರಿದಿತ್ತು. ಅದರ ಈಚೆ, ಗಟ್ಟಿ ಐಸಿನ ಮೇಲೆ, ನಿನ್ನ ಬಲಗೈ ಗ್ಲೌಸು ಇತ್ತು. ಬಿದ್ದದ್ದಲ್ಲ, ತೆಗೆದಿಟ್ಟದ್ದು. ಅಂಥ ಚಳಿಯಲ್ಲಿ ಗ್ಲೌಸ್ ಯಾಕೆ ತೆಗೆದಳು ಎಂದು ಸಮಿತಿಯವರಿಗೆ ಅರ್ಥವಾಗಿಲ್ಲ. ಹ್ಯೂಸ್ಟನ್ನಿನ ರಾಮಮೂರ್ತಿ ಅಂಕಲ್ ಅದಕ್ಕೆ ಒಂದು ಅರ್ಥ ಹಚ್ಚಿದ್ದಾರೆ. ಅವರು ಲಾಯರ್ ಅಲ್ಲವಾ, ನಿನ್ನ ಅಪ್ಪನ ಜೊತೆ ಮೈಸೂರಿನಲ್ಲಿ ಓದಿದವರು. ಪರೀಕ್ಷೆಗೆ ಬಾಟಲಿಯಲ್ಲಿ ನೀರು ತುಂಬಿಸಲು ಗ್ಲೌಸ್ ತೆಗೆದಿದ್ದಾಳೆ, ಬೇಗ ಕೆಲಸ ಮುಗಿಸುವುದಕ್ಕೆ ಹಗ್ಗವಿಲ್ಲದೆ ಹೋಗು ಎಂದು ಹರ್ಷಿಣಿಯೇ ಕಳಿಸಿದ್ದಾಳೆ, ಈಗ ಇಲ್ಲ ಅನ್ನುತ್ತಿದ್ದಾಳೆ ಎಂದು ಹದಿನೆಂಟು ಪುಟ ಬರೆದು ಕಳಿಸಿದ್ದಾರೆ. ನಿನ್ನ ಅಪ್ಪ ಅದನ್ನು ಪೂರ್ತಿ ನಂಬಿದ್ದಾರೆ. ನಂಬದೆ ಇನ್ನೇನು ಮಾಡುತ್ತಾರೆ, ಅವರಿಗೆ ಹಿಡಿದುಕೊಳ್ಳಲು ಅದೊಂದೇ ಇರುವುದು.

ಆ ಗ್ಲೌಸಿನ ಫೋಟೋ ನನಗೂ ತೋರಿಸಿದರು. ನೋಡಿದ ಕೂಡಲೇ ನನಗೆ ತಿಳಿಯಿತು. ದೇವರದ್ದನ್ನು ಬರಿಗೈಯಲ್ಲಿ, ಬಲಗೈಯಲ್ಲಿ ಬಿಡಬೇಕು. ಇದನ್ನು ನಾನು ನಿನಗೆ ಯಾವತ್ತೂ ಹೇಳಿಕೊಟ್ಟಿಲ್ಲ. ತೊರೆಯ ಹತ್ತಿರ ನಿಂತು ನೋಡಿ ಕಲಿತದ್ದು ನೀನು.

ಆ ವಾರವೇ ಸಮಿತಿಯವರು ಕೇಳಿದರು, ಅವತ್ತು ಬೆಳಿಗ್ಗೆ ಮನೆಯವರಿಗೆ ಅವಳಿಂದ ಏನಾದರೂ ಮೆಸೇಜು ಬಂದಿತ್ತಾ ಎಂದು. ನಿನ್ನ ಅಪ್ಪ ನನ್ನ ಮುಖ ನೋಡಿದರು. ನಾನು ಇಲ್ಲ ಅಂದೆ. ದಿನಾ ಎರಡು ಹೊತ್ತು ದೀಪ ಹಚ್ಚುವವಳು, ಶನಿವಾರ ಒಪ್ಪೊತ್ತು ಮಾಡುವವಳು, ಆ ಎರಡಕ್ಷರವನ್ನು ಎಷ್ಟು ಸಲೀಸಾಗಿ ಅಂದೆ ಗೊತ್ತಾ. ಆಮೇಲೆ ಫೋನ್ ಸಿಂಕಿನಲ್ಲಿ ಬಿದ್ದು ಹಾಳಾಯಿತು ಎಂದು ಇನ್ನೊಂದು ಸುಳ್ಳು. ಹೊಸ ಫೋನ್ ಬಂತು. ಹಳೆಯದನ್ನು ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಹಿಂದೆ, ಹಳೇ ರವಿಕೆ ಬಟ್ಟೆ ಸುತ್ತಿ ಇಟ್ಟೆ. ನಿನ್ನ ಅಪ್ಪ ಅವತ್ತು ಅತ್ತರು. ಫೋನಿಗಾಗಿ ಅಲ್ಲ. "ಅವಳ ದನಿ ಅದರಲ್ಲೇ ಇತ್ತಲ್ಲೇ, ಎಲ್ಲಾ ಹೋಯ್ತಲ್ಲೇ" ಎಂದು. ಗೂಡಿನ ಮುಂದೆಯೇ ಕೂತು ಅತ್ತರು. ಎರಡು ಮೊಳದ ದೂರದಲ್ಲಿ ನೀನಿದ್ದೆ. ನಾನು ಅವರ ಬೆನ್ನು ಸವರಿದೆ.

ಯಾಕೆ ಬಚ್ಚಿಟ್ಟೆ ಎಂದು ನೀನು ಕೇಳಬಹುದು. ಮೊದಲನೆಯದು ಹೆದರಿಕೆ. ನಿನ್ನ ಮಾತು, ನಿನ್ನ ದಾರ ನನ್ನ ಮಗಳನ್ನು ತಿಂದಿತು ಎಂದು ನಿನ್ನ ಅಪ್ಪ ಒಂದು ಸಲ ಅಂದುಬಿಟ್ಟರೆ, ಮೂವತ್ತು ವರ್ಷವಾದರೂ ಅದು ನಮ್ಮಿಬ್ಬರ ನಡುವೆ ಇರುತ್ತದೆ. ಎರಡನೆಯದನ್ನು ಹೇಳಲು ನಾಚಿಕೆ. ಜನ ದೇವರನ್ನು ಅನ್ನುತ್ತಾರಲ್ಲ ಎಂದು ಯೋಚಿಸಿದೆ. ರಕ್ಷೆ ದಾರ ಕಟ್ಟಿದ್ದಕ್ಕೆ ಹೀಗಾಯಿತು ಎಂದು ಅಂಗಡಿಯಲ್ಲಿ, ದೇವಸ್ಥಾನದ ಸಾಲಿನಲ್ಲಿ ಆಡಿಕೊಳ್ಳುತ್ತಾರೆ, ಆಂಜನೇಯನ ಹೆಸರಿಗೆ ಕೆಡುಕು ಬರುತ್ತದೆ, ಅದನ್ನು ನಾನು ಕಾಪಾಡುತ್ತಿದ್ದೇನೆ ಎಂದುಕೊಂಡೆ. ಅವನನ್ನು ಕಾಪಾಡಲು ನಾನು ಯಾರು? ನಾನು ಕಾಪಾಡಿಕೊಂಡದ್ದು ನನ್ನನ್ನು.

ಏಪ್ರಿಲ್‌ನಲ್ಲಿ ಹರ್ಷಿಣಿ ನಮ್ಮ ಮನೆಗೆ ಬಂದಳು. ಆಸ್ಟಿನ್ ಹತ್ತಿರದ ಟೇಲರ್ ಎಂಬ ಊರಿನಲ್ಲಿ ಅವಳ ಅಕ್ಕ ಭಾವ ಇದ್ದಾರಲ್ಲ, ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು, ಈಗ ಅವರ ಮನೆಯಲ್ಲಿದ್ದಾಳೆ. ಅಲ್ಲಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಒಬ್ಬಳೇ ಬಂದಿದ್ದಳು. ಕಡ್ಡಿಯಾಗಿದ್ದಾಳೆ. ನಿನ್ನ ಅಪ್ಪ ಬಾಗಿಲು ಪೂರ್ತಿ ತೆಗೆಯಲಿಲ್ಲ. "ಕಾವಲಿಗೆ ನಿಂತೋಳು ಕಣ್ಣು ಎಲ್ಲಿಟ್ಟಿದ್ದೆಯಮ್ಮ? ನನ್ನ ಮಗಳನ್ನ ಕಳಿಸಿ ನೀನು ಬೆಚ್ಚಗೆ ನಿಂತಿದ್ದೆಯಾ?" ಎಂದು ಮೆಟ್ಟಿಲ ಮೇಲೆಯೇ ನಿಲ್ಲಿಸಿ ಕೇಳಿದರು. ಆ ಹುಡುಗಿ ಅವರ ಭುಜದ ಮೇಲಿಂದ ನನ್ನನ್ನೇ ನೋಡುತ್ತಾ, "ಆಂಟಿ, ನಾ ಬ್ಯಾಟರಿ ಬದಲಿ ಮಾಡ್ಲಿಕ್ಕೆ ಬಗ್ಗಿದ್ದೆ ರೀ. ಎರಡ ನಿಮಿಷ ರೀ. ಹೊಳ್ಳಿ ನೋಡಿದ್ರ ಆಕಿ ಇರಲಿಲ್ಲ. ಆಕಿ ಅಲ್ಲಿಗೆ ಯಾಕ ಹ್ವಾದ್ಲು ಅಂತ ನನಗ ಇನ್ನೂ ತಿಳಿವಲ್ದು ರೀ. ನಿಮಗೇನರ ಹೇಳಿದ್ಲೇನ್ರಿ?" ಎಂದಳು. ನಾನು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ಅವಳು ಕುಡಿದಳು. ಲೋಟ ವಾಪಸು ಕೊಡುವಾಗ ಅವಳ ಬೆರಳು ನೋಡಿದೆ. ಎರಡು ಬೆರಳ ತುದಿ ಇನ್ನೂ ಕಪ್ಪಗಿದೆ ಕಂದಾ, ಆ ದಿನ ಬರಿಗೈಯಲ್ಲಿ ನೀರೊಳಗೆ ನಿನ್ನನ್ನು ಹುಡುಕಿದ್ದಾಳೆ. ಬೆಚ್ಚಗೆ ನಿಂತಿರಲಿಲ್ಲ ಅವಳು. ನಾನು ಲೋಟ ಹಿಡಿದುಕೊಂಡು ಒಳಗೆ ಬಂದೆ. ಬಾಗಿಲು ಮುಚ್ಚಿದ ಸದ್ದು ಹಿಂದಿನಿಂದ ಕೇಳಿಸಿತು.

ಅದಾದ ಮೇಲೂ ನಾನು ಎರಡು ತಿಂಗಳು ಸುಮ್ಮನಿದ್ದೆ. ನಿನ್ನ ಅಮ್ಮ ಎಂಥವಳು ಎಂದು ನಿನಗೆ ತಿಳಿಯಲಿ.

ಮೊನ್ನೆ ಶುಕ್ರವಾರ ಒಂದು ಡಬ್ಬ ಬಂತು. ಕ್ಯಾಂಪಿನಲ್ಲಿ ಉಳಿದಿದ್ದ ನಿನ್ನ ಸಾಮಾನು. ಅವಳೇ ಕಟ್ಟಿ ಕಳಿಸಿದ್ದಾಳೆ. ಸ್ವೆಟರು ಒಗೆದು ಮಡಿಸಿದ್ದಾಳೆ. ನಾನು ಕೊಟ್ಟ ನಿಂಬೆ ಉಪ್ಪಿನಕಾಯಿ ಬಾಟಲಿ ತೊಳೆದು ಒರೆಸಿ ಇಟ್ಟಿದ್ದಾಳೆ. ತಳದಲ್ಲಿ ಒಂದು ಬಿಳಿ ಕರವಸ್ತ್ರದ ಗಂಟು. ಬಿಚ್ಚಿದರೆ ನಾನು ನಿನ್ನ ಚೀಲದಲ್ಲಿ ಇಟ್ಟಿದ್ದ ಕುಂಕುಮದ ಪೊಟ್ಟಣ ಮತ್ತು ಒಣಗಿದ ಎರಡು ತುಳಸಿ ಎಲೆ. ಜೊತೆಗೆ ಒಂದು ಚೀಟಿ. "ಆಂಟಿ, ಅಲ್ಲೆ ಎಲ್ಲಾ ಕಸದ ಚೀಲಕ್ಕ ಹಾಕು ಅಂದ್ರು. ಇದನ್ನ ಹಂಗ ಒಗೀಬಾರದು ಅಂತ ನಮ್ಮವ್ವನೂ ಹೇಳ್ತಾಳ್ರಿ. ಅದಕ್ಕ ತೆಗೆದಿಟ್ಟೇನಿ. ನೀವ ನೀರಿಗೆ ಬಿಡ್ರಿ."

ನಾನು ಆ ಚೀಟಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಧಾರವಾಡದ ಒಬ್ಬ ತಾಯಿಯೂ ತನ್ನ ಮಗಳಿಗೆ ನಾನು ಹೇಳಿದ್ದನ್ನೇ ಹೇಳಿದ್ದಾಳೆ. ಆ ದಿನ ಇವಳ ದಾರ ಕಿತ್ತುಹೋಗಿ, ನಿನ್ನದು ಬ್ಯಾಟರಿ ಕೆಲಸ ಆಗಿದ್ದರೆ, ಇವತ್ತು ನೀನು ಯಾವುದೋ ಬಾಗಿಲ ಮುಂದೆ ನಿಂತಿರುತ್ತಿದ್ದೆ. ಆ ತಾಯಿ ಒಂದು ಲೋಟ ನೀರು ಕೊಟ್ಟು ಒಳಗೆ ಹೋಗಿದ್ದರೆ ನಾನು ಅವಳನ್ನು ಕ್ಷಮಿಸುತ್ತಿದ್ದೆನಾ?

ಶನಿವಾರ ಗುಡಿಯಲ್ಲಿ ಲಕ್ಷ್ಮೀನಾರಾಯಣ ಭಟ್ಟರನ್ನು ಕೇಳಿದೆ, ತಿಳಿದೂ ಸುಮ್ಮನಿದ್ದ ಪಾಪಕ್ಕೆ ಏನು ಮಾಡಿಸಬೇಕು ಎಂದು. ಯಾವ ಪೂಜೆ ಹೇಳುತ್ತಾರೋ ಎಂದು ಚೀಟಿ ಪೆನ್ನು ಹಿಡಿದು ನಿಂತಿದ್ದೆ. ಅವರು, "ಸುಮ್ಮನಿರೋದನ್ನ ನಿಲ್ಲಿಸಬೇಕಮ್ಮ, ಅದಕ್ಕೆ ನನ್ನ ಹತ್ರ ಪೂಜೆ ಇಲ್ಲ" ಅಂದರು. ನಿನಗೆ ದರ್ಭೆಯ ಗೊಂಬೆ ಮಾಡಿ ಸಂಸ್ಕಾರ ಮಾಡಬೇಕು ಎಂದು ಅವರು ಮಾರ್ಚ್‌ನಿಂದ ಹೇಳುತ್ತಿದ್ದಾರೆ. ವಿಚಾರಣೆ ಮುಗಿಯದೆ ಕೂಡದು ಎಂದು ನಿನ್ನ ಅಪ್ಪ ಹಟ ಹಿಡಿದಿದ್ದಾರೆ. ಒಟ್ಟಿನಲ್ಲಿ ನನ್ನ ಬಾಯಿಂದಾಗಿ ನಿನಗೂ ದಾರಿ ಸಿಕ್ಕಿಲ್ಲ, ಆ ಹುಡುಗಿಗೂ ಸಿಕ್ಕಿಲ್ಲ.

ಹಳೇ ಫೋನನ್ನು ಇವತ್ತು ಬೆಳಿಗ್ಗೆ ಸ್ನಾನ ಮಾಡಿ ತೆಗೆದೆ. ಚಾರ್ಜಿಗೆ ಹಾಕಿದೆ. ನಲವತ್ತೊಂದು ಸೆಕೆಂಡು ಹಾಗೇ ಇದೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಡಲ್ಲಾಸಿನಿಂದ ಆಸ್ಟಿನ್ನಿಗೆ ಬಸ್ಸು. ಟಿಕೆಟನ್ನು ಅಲಮೇಲು ಆಂಟಿ ಮಾಡಿಸಿದ್ದಾರೆ, ಬಸ್ಸಿನ ತನಕ ಬಿಡುವವರೂ ಅವರೇ. ಯಾಕೆ ಎಂದು ಕೇಳಲಿಲ್ಲ. ಸಮಿತಿಯ ಮುಂದೆ ಕನ್ನಡದಲ್ಲಿಯೇ ಹೇಳುತ್ತೇನೆ, ಇಂಗ್ಲಿಷಿಗೆ ಯಾರಾದರೂ ಮಾಡಿಕೊಳ್ಳಲಿ. ದಾರ ಅಂದರೆ ಏನು, ಅದನ್ನು ಯಾಕೆ ಕಸಕ್ಕೆ ಹಾಕುವುದಿಲ್ಲ ಎಂದು ಆ ನಾಲ್ಕು ಜನರಿಗೆ ಹೇಗೆ ತಿಳಿಸಲಿ ಎಂಬುದೇ ಚಿಂತೆ. ನಗುತ್ತಾರೇನೋ. ನಗಲಿ. ನಿನ್ನ ಅಪ್ಪನಿಗೆ ಇವತ್ತು ಹೇಳಬೇಕು, ಅಲ್ಲಿ ಎಲ್ಲರ ಮುಂದೆ ಅವರು ಮೊದಲ ಸಲ ಕೇಳುವ ಹಾಗೆ ಆಗಬಾರದು. ಹೇಗೆ ಹೇಳುತ್ತೇನೋ ಗೊತ್ತಿಲ್ಲ.

ನಿನ್ನ ಮೇಲೆ ನನಗೆ ಒಂದು ಸಣ್ಣ ಕೋಪವೂ ಇದೆ, ಅದನ್ನೂ ಬರೆದುಬಿಡುತ್ತೇನೆ. ಅಷ್ಟು ಓದಿದವಳು, ಕೆನೆ ಯಾವುದು ಗಟ್ಟಿ ಯಾವುದು ಎಂದು ಊರಿಗೆ ಹೇಳುವವಳು, ಒಂದು ಬಾರಿ, ಒಂದೇ ಬಾರಿ, ಅಮ್ಮನ ಮಾತು ಮೀರಬಾರದಾಗಿತ್ತಾ? ಕಸಕ್ಕೆ ಹಾಕಿ, ನೀರಿಗೆ ಬಿಟ್ಟೆ ಎಂದು ಸುಳ್ಳು ಹೇಳಿದ್ದರೆ ನನಗೆ ಗೊತ್ತಾಗುತ್ತಿತ್ತಾ? ನೀನು ನನಗೆ ಸುಳ್ಳು ಹೇಳಲಿಲ್ಲ. ನಾನು ಎಲ್ಲರಿಗೂ ಹೇಳಿದೆ.

ಈ ಪತ್ರವನ್ನು ನಿನ್ನ ಡಬ್ಬದಲ್ಲಿ, ಸ್ವೆಟರಿನ ಮಡಿಕೆಯೊಳಗೆ ಇಡುತ್ತೇನೆ. ನೀರಿಗೆ ಬಿಡುವುದಿಲ್ಲ. ಏನನ್ನೂ ಇನ್ನು ಬಿಡುವುದಿಲ್ಲ. ದೇವರಿಗೆ ದೀಪ ಹಚ್ಚುವುದನ್ನು ನಿಲ್ಲಿಸಿಲ್ಲ, ನಿಲ್ಲಿಸಲು ಬರುವುದಿಲ್ಲ ನನಗೆ. ಹಣೆಗೆ ಕುಂಕುಮ ಮಾತ್ರ ಇಟ್ಟುಕೊಳ್ಳುವುದಿಲ್ಲ, ಕನ್ನಡಿ ಮುಂದೆ ನಿಂತರೆ ಆ ಪೊಟ್ಟಣ ನೆನಪಾಗುತ್ತದೆ. ಚಿಕ್ಕದೊಂದು ಸ್ಟಿಕ್ಕರ್ ಸಾಕು.

ಆ ತಣ್ಣನೆಯ ಕತ್ತಲಲ್ಲಿ ಎಲ್ಲಿದ್ದರೂ ಆಂಜನೇಯ ನಿನ್ನ ಕೈ ಬಿಡದಿರಲಿ. ನನ್ನ ಮೇಲೆ ಅವನಿಗೆ ಕೋಪವಿದ್ದರೆ ಅದನ್ನು ನನ್ನ ಹತ್ತಿರವೇ ತೀರಿಸಿಕೊಳ್ಳಲಿ, ನಿನ್ನನ್ನು ಸೇರಿಸುವುದು ಬೇಡ. ಊರಿನಿಂದ ಅಜ್ಜಿ ಆಶೀರ್ವಾದ ಹೇಳಿದ್ದಾರೆ, ನೀನು ಇನ್ನೂ ಕ್ಯಾಂಪಿನಲ್ಲಿದ್ದೀಯ ಎಂದೇ ಅವರಿಗೆ ಹೇಳಿದ್ದೇವೆ.

ನಿನ್ನನ್ನು ಹೆತ್ತವಳು,
ಲೀಲಾವತಿ

ತಾ.ಕ. ಸಹಿ ಹಾಕಿ ಮಡಿಸಿಟ್ಟಿದ್ದೆ, ಮತ್ತೆ ತೆಗೆದು ಬರೆಯುತ್ತಿದ್ದೇನೆ. ಈಗ ಸಾಯಂಕಾಲ ಏಳು ಗಂಟೆ. ನಿನ್ನ ಅಪ್ಪ ಐದೂವರೆಗೆ ಬಂದರು. ಹಳೇ ಫೋನನ್ನೇ ಕೈಗೆ ಕೊಟ್ಟು ಮೆಸೇಜು ಒತ್ತಿದೆ. ಮೂರು ಸಲ ಕೇಳಿದರು. ಮೊದಲ ಸಲ "ನಗ್ತಿದ್ದಾಳಲ್ಲೇ" ಅಂದರು. ಮೂರನೇ ಸಲದ ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ನಾನು ಕಾದೆ. ಬೈಯಲಿಲ್ಲ. ರಾಮಮೂರ್ತಿ ಅಂಕಲ್‌ಗೆ ಫೋನ್ ಮಾಡಿ, "ಆ ಹದಿನೆಂಟು ಪುಟ ವಾಪಸ್ ತಗೋ" ಅಂದು ಇಟ್ಟರು. ಅಡಿಗೆಮನೆಗೆ ಹೋಗಿ ಕತ್ತರಿ ತಂದು, ಸಂಕ್ರಾಂತಿಗೆ ನಾನು ಅವರ ಮಣಿಕಟ್ಟಿಗೆ ಕಟ್ಟಿದ ದಾರವನ್ನು ಕತ್ತರಿಸಿದರು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ನಿಂತು, "ಇದನ್ನ ಎಲ್ಲಿ ಹಾಕ್ಲಿ, ಹೇಳು" ಎಂದು ಕೇಳಿದರು. ವ್ಯಂಗ್ಯಕ್ಕೆ ಕೇಳಿದ್ದಲ್ಲ ಕಂದಾ, ನಿಜವಾಗಿ ಕೇಳಿದ್ದು. ಒಂದು ಗಂಟೆಯಿಂದ ಅದನ್ನು ಹಿಡಿದುಕೊಂಡೇ ಸೋಫಾದ ಮೇಲೆ ಕೂತಿದ್ದಾರೆ. ನಾಳೆ ಬರುತ್ತಾರೋ ಇಲ್ಲವೋ ಹೇಳಿಲ್ಲ. ನಾನು ಹೋಗುತ್ತೇನೆ. ಆಸ್ಟಿನ್ನಿನಲ್ಲಿ ಬಸ್ಸಿನ ಹತ್ತಿರ ಹರ್ಷಿಣಿಯೇ ಕಾರು ತರುತ್ತಾಳಂತೆ. ಬರುತ್ತೇನೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದೇನೆ, ಯಾಕೆ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ, "ನೀವು ಬರೂದ ದೊಡ್ಡದಾತು ಆಂಟಿ, ಊಟ ಮಾಡಿಸಿಕೊಂಡ ಕರಕೊಂಡು ಹೋಗ್ತೇನಿ" ಅಂದಿದ್ದಾಳೆ.